ತರಕಾರಿ ಮಡಿ ಪಕ್ಕ ಯಾವ ಹೂವು, ಯಾವಾಗ, ಎಲ್ಲಿ: ವಿಷ ಹೊಡೀದೆ ಹುಳ ಸಂಭಾಳಿಸೋ ಲೆಕ್ಕಾಚಾರ

ಟೊಮೆಟೊ ಪಕ್ಕ ನಾಲ್ಕು ಚೆಂಡು ಹೂವಿನ ಗಿಡ ನೆಟ್ಬಿಡಿ, ಆ ವಾಸನೆಗೆ ಹುಳ ಹತ್ರಾನೇ ಸುಳಿಯಲ್ಲ ಅಂತ ಯಾರಾದ್ರೂ ಹೇಳೇ ಇರ್ತಾರೆ ನಿಮಗೆ. ಗಿಡ ನೆಡಿ ಅನ್ನೋದು ಸರಿ, ಕಾರಣ ಮಾತ್ರ ತಲೆಕೆಳಗು. ಟೊಮೆಟೊ ಕಾಯಿ ಕೊರಕದ ವಿಷಯದಲ್ಲಿ ಚೆಂಡು ಹೂವು ಹುಳನ ಓಡಿಸೋ ಗಿಡ ಅಲ್ಲ, ಕರೆಯೋ ಗಿಡ. ಆ ಕೊರಕ ಹುಳದ ತಾಯಿ ಪತಂಗಕ್ಕೆ ಚೆಂಡು ಹೂವಿನ ಮೊಗ್ಗು ಕಂಡ್ರೆ ತುಂಬಾ ಇಷ್ಟ, ಅದು ಅಲ್ಲಿ ಹೋಗಿ ಮೊಟ್ಟೆ ಇಡ್ಲಿ, ನಾವು ಅಲ್ಲೇ ಅದರ ಕಥೆ ಮುಗಿಸೋಣ ಅನ್ನೋದು ಇದರ ಲೆಕ್ಕ. ಇದು ಗೊತ್ತಿಲ್ದೆ ನೆಟ್ಟು ಸುಮ್ನೆ ಬಿಟ್ರೆ ಹುಳಕ್ಕೆ ನಾವೇ ಬಾಣಂತನ ಮಾಡಿದ ಹಾಗಾಗತ್ತೆ.

ಹೂವಿನ ಗಿಡ ತರಕಾರಿ ಮಡೀಲಿ ಮೂರು ಥರ ಕೆಲಸ ಮಾಡತ್ತೆ. ಒಂದು, ಈಗ ಹೇಳಿದ ಹಾಗೆ ಬಲೆ ಬೆಳೆ, ಹುಳನ ತನ್ನ ಕಡೆ ಎಳ್ಕೊಳ್ಳೋದು. ಎರಡು, ಹುಳ ತಿನ್ನೋ ಒಳ್ಳೆ ಹುಳಗಳಿಗೆ ಮಕರಂದ, ಪರಾಗ ಕೊಟ್ಟು ಅವು ನಮ್ಮ ಮಡೀಲೇ ಉಳಿಯೋ ಹಾಗೆ ಮಾಡೋದು. ಮೂರು, ಬೇರಿನಿಂದ ಮಣ್ಣೊಳಗಿನ ಜಂತುಹುಳ, ಅಂದ್ರೆ ಗಿಡದ ಬೇರಿಗೆ ಹೊಕ್ಕು ಗಂಟು ಮಾಡೋ ನೆಮಟೋಡ್, ಕಡಿಮೆ ಮಾಡೋದು. ಮೂರಕ್ಕೂ ಒಂದೇ ಹೂವು ಸಾಲಲ್ಲ, ನೆಡೋ ರೀತಿ, ಟೈಮಿಂಗೂ ಬೇರೆ ಬೇರೆ. ಚೆಂಡು ಹೂವು ಒಂದನ್ನೇ ನೆಟ್ಟು ಮೂರೂ ಕೆಲಸ ಆಗ್ಲಿ ಅಂದ್ರೆ ಆಗಲ್ಲ.

ಅಂದಹಾಗೆ ಇದೇನೂ ಹೊರಗಿಂದ ಬಂದ ಹೊಸ ಐಡಿಯಾ ಅಲ್ಲ. ಹಳೆ ಮೈಸೂರು ಕಡೆ ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕೋರು, ಈಗ್ಲೂ ಕೆಲವು ಕಡೆ ಹಾಕ್ತಾರೆ, ರಾಗಿ ಮಧ್ಯೆ ಅವರೆ, ಜೋಳ, ಹುಚ್ಚೆಳ್ಳು, ಸಾಸಿವೆ, ಬದುವಿನ ಕಡೆ ಹರಳು. ಮನೆಗೆ ಎಣ್ಣೆ, ಬೇಳೆ, ಒಗ್ಗರಣೆ ಎಲ್ಲಾ ಆಗೋದು, ಜೊತೆಗೆ ಹೊಲದ ತುಂಬಾ ಹಳದಿ ಹೂವು, ಹೂವಿನ ತುಂಬಾ ಜೇನು ಮತ್ತೆ ಹುಳ ಹಿಡಿಯೋ ಕಣಜ. ನಾವು ತರಕಾರಿ ಮಡೀಲಿ ಮಾಡೋಕೆ ಹೊರಟಿರೋದೂ ಅದನ್ನೇ, ಸ್ವಲ್ಪ ಲೆಕ್ಕ ಇಟ್ಕೊಂಡು.

1. ಹೂವಿನ ಬೀಜ ತರೋ ಮುಂಚೆ ನಿಮ್ಮ ಮಡೀಲಿ ಯಾವ ಹುಳ ಅಂತ ನೋಡಿ

ಬೆಳಿಗ್ಗೆ ಏಳು ಗಂಟೆ ಹೊತ್ತಿಗೆ, ಬಿಸಿಲು ಏರೋ ಮುಂಚೆ, ಎಲೆ ಮಗುಚಿ ಅಡಿಭಾಗ ನೋಡಿ. ಎಳೇ ಚಿಗುರಲ್ಲಿ ಗುಂಪು ಗುಂಪಾಗಿ ಹಸಿರು ಅಥವಾ ಕರಿ ಚುಕ್ಕೆ ಥರ ಕೂತಿದ್ರೆ ಹೇನು. ಅಲ್ಲಾಡಿಸಿದ ತಕ್ಷಣ ಬಿಳೀ ಪುಡಿ ಹಾರಿದ ಹಾಗೆ ಕಂಡ್ರೆ ಬಿಳಿ ನೊಣ. ಹತ್ತಿ ಅಂಟಿದ ಹಾಗಿದ್ರೆ ಹಿಟ್ಟು ತಿಗಣೆ. ಟೊಮೆಟೊ ಕಾಯಲ್ಲಿ ದುಂಡಗೆ ತೂತು, ಹುಳದ ಅರ್ಧ ಮೈ ಒಳಗೆ ಅರ್ಧ ಹೊರಗೆ ಇದ್ರೆ ಅದು ಕಾಯಿ ಕೊರಕ. ಎಲೆಕೋಸಿನ ಎಲೇಲಿ ಸಣ್ಣ ಸಣ್ಣ ಕಿಟಕಿ ಬಿದ್ದಿದೆ, ಸಣ್ಣ ಹಸಿರು ಹುಳ ಮುಟ್ಟಿದ್ರೆ ಚಂಗನೆ ಹಾರಿ ಒಂದು ದಾರ ಬಿಟ್ಕೊಂಡು ನೇತಾಡತ್ತೆ ಅಂದ್ರೆ ಡೈಮಂಡ್ ಬ್ಯಾಕ್ ಮಾತ್, ಕೋಸು ಬೆಳೆಯೋರ ದೊಡ್ಡ ತಲೆನೋವು.

ಗಿಡ ಚೆನ್ನಾಗಿ ನೀರು ಕೊಟ್ರೂ ಮಧ್ಯಾಹ್ನ ಬಾಡ್ತಾ ಇದೆ, ಸೊರಗ್ತಾ ಇದೆ ಅಂದ್ರೆ ಒಂದು ಗಿಡ ಕಿತ್ತು ಬೇರು ನೋಡಿ. ಬೇರಿನ ತುಂಬಾ ಗಂಟು ಗಂಟು ಇದ್ರೆ ಜಂತುಹುಳ. ಬೀನ್ಸ್, ಅಲಸಂದೆ ಬೇರಲ್ಲೂ ಗಂಟಿರತ್ತೆ, ಅದಕ್ಕೆ ಹೆದರ್ಬೇಡಿ, ಅದು ಸಾರಜನಕ ಹಿಡಿಯೋ ಒಳ್ಳೇ ಗಂಟು, ಉಗುರಲ್ಲಿ ತಳ್ಳಿದ್ರೆ ಕಳಚಿ ಬರತ್ತೆ. ಜಂತುಹುಳದ ಗಂಟು ಬೇರೇ ಊದ್ಕೊಂಡಿರೋದು, ಬೇರಿಂದ ಬಿಡಿಸೋಕಾಗಲ್ಲ.

ಈ ಲಿಸ್ಟ್ ಕೈಯಲ್ಲಿದ್ರೆ ಮುಂದಿನದು ಸುಲಭ.

2. ಟೊಮೆಟೊಗೆ ಚೆಂಡು ಹೂವು, ಆದ್ರೆ ಬೀಜ ಹಾಕೋ ದಿನ ಸರಿ ಇರ್ಬೇಕು

ಬೆಂಗಳೂರಿನ ಹೆಸರಘಟ್ಟದಲ್ಲಿರೋ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ, ಐಐಎಚ್‌ಆರ್, 1990ರ ದಶಕದಲ್ಲೇ ಇದನ್ನ ಪ್ರಯೋಗ ಮಾಡಿ ರೈತರಿಗೆ ಕೊಟ್ಟಿರೋ ಪದ್ಧತಿ ಇದು: ಪ್ರತಿ 16 ಸಾಲು ಟೊಮೆಟೊಗೆ ಒಂದು ಸಾಲು ಎತ್ತರದ ಆಫ್ರಿಕನ್ ಚೆಂಡು ಹೂವು, ನಾಟಿ ಮಾಡೋ ದಿನ ಟೊಮೆಟೊ ಪೈರಿಗೆ ಸುಮಾರು 25 ದಿನ ಆಗಿರ್ಬೇಕು, ಚೆಂಡು ಹೂವಿನ ಪೈರಿಗೆ 40ರಿಂದ 45 ದಿನ. ಎರಡೂ ಒಂದೇ ದಿನ ನೆಡೋದು. ಈ ವಯಸ್ಸಿನ ವ್ಯತ್ಯಾಸದಲ್ಲೇ ಎಲ್ಲಾ ಇರೋದು. ಟೊಮೆಟೊ ಹೂ ಬಿಡೋ ಹೊತ್ತಿಗೆ ಸರಿಯಾಗಿ ಚೆಂಡು ಹೂವಲ್ಲೂ ಮೊಗ್ಗು ಹೂವು ತುಂಬಿರ್ಬೇಕು, ಇಲ್ಲಾಂದ್ರೆ ಪತಂಗ ಬಂದಾಗ ಅಲ್ಲಿ ಬರೀ ಎಲೆ ಇರತ್ತೆ, ಅದು ಸೀದಾ ಟೊಮೆಟೊಗೆ ಹೋಗತ್ತೆ. ತುಂಬಾ ಜನಕ್ಕೆ "ಚೆಂಡು ಹೂವು ಹಾಕಿದ್ವಿ, ಏನೂ ಪ್ರಯೋಜನ ಆಗ್ಲಿಲ್ಲ" ಅನ್ಸೋದು ಇಲ್ಲೇ, ಎರಡರ ಬೀಜಾನೂ ಒಂದೇ ದಿನ ಹಾಕ್ಬಿಟ್ಟಿರ್ತಾರೆ.

ಹಿಂಗಾರಿಗೆ ಒಂದು ಉದಾಹರಣೆ ಲೆಕ್ಕ. ಸೆಪ್ಟೆಂಬರ್ 1ಕ್ಕೆ ಚೆಂಡು ಹೂವಿನ ಬೀಜ ಟ್ರೇಗೆ ಅಥವಾ ಒಟ್ಲು ಪಾತಿಗೆ ಹಾಕಿ. ಸೆಪ್ಟೆಂಬರ್ 18ರ ಹೊತ್ತಿಗೆ ಟೊಮೆಟೊ ಬೀಜ. ಅಕ್ಟೋಬರ್ 13ರ ಆಸುಪಾಸಲ್ಲಿ ಎರಡನ್ನೂ ಕಿತ್ತು ಮಡಿಗೆ ನೆಡಿ. ಎರಡು ಮೂರು ದಿನ ಹಿಂದೆ ಮುಂದೆ ಆದ್ರೆ ಪ್ರಪಂಚ ಮುಳುಗಲ್ಲ, ಹದಿನೈದು ದಿನಕ್ಕಿಂತ ಕಡಿಮೆ ಅಂತರ ಮಾತ್ರ ಬೇಡ. ಹೂವು ಜಾಸ್ತಿ ಬರ್ಲಿ ಅಂತ ಚೆಂಡು ಹೂವಿನ ತುದಿ ಚಿವುಟೋ ಅಭ್ಯಾಸ ಇದೆ ನೋಡಿ, ಇಲ್ಲಿ ಚಿವುಟ್ಬೇಡಿ, ಹೂ ಬಿಡೋದು ತಡ ಆಗತ್ತೆ.

ಮನೆ ಹಿತ್ತಲಲ್ಲಿ 16 ಸಾಲು ಎಲ್ಲಿಂದ ಬರ್ಬೇಕು ಅಂತೀರಾ, ನಿಜ. ಹತ್ತಡಿ ಉದ್ದದ ಎರಡು ಮಡಿ ಇದ್ರೆ, ಮಡಿಯ ಎರಡೂ ತುದೀಲಿ ಒಂದೊಂದು, ಮಧ್ಯದ ಓಡಾಡೋ ದಾರಿ ಪಕ್ಕ ಎರಡು ಮೂರು, ಅಷ್ಟು ಸಾಕು. ಟೊಮೆಟೊ ಗಿಡಕ್ಕಿಂತ ಚೆಂಡು ಹೂವಿನ ಗಿಡ ಜಾಸ್ತಿ ಆಗೋದು ಬೇಡ, ಬಿಸಿಲಿಗೂ ಗೊಬ್ಬರಕ್ಕೂ ಜಗಳ ಆಡ್ತಾವೆ, ಒಂದಕ್ಕೊಂದು ಒಂದೂವರೆ ಅಡಿ ಬಿಡಿ. ನರ್ಸರೀಲಿ ಸಿಗೋ ಅಂಗೈಯಗಲದ ಕುಳ್ಳ ಗಿಡ ತಗೋಬೇಡಿ, ಈ ಕೆಲಸಕ್ಕೆ ಎತ್ತರಕ್ಕೆ ಬೆಳೆಯೋ ಹಳದಿ ಅಥವಾ ಕಿತ್ತಳೆ ಬಣ್ಣದ್ದೇ ಬೇಕು.

ಈಗ ಮುಖ್ಯವಾದ ಕೆಲಸ, ಇದನ್ನ ಮಾಡೋಕೆ ಮನಸ್ಸಿಲ್ಲ ಅಂದ್ರೆ ನೆಡೋದೇ ಬೇಡ. ಮೊಗ್ಗು ಕಾಣಿಸ್ಕೊಂಡಾಗಿಂದ ಎರಡು ಮೂರು ದಿನಕ್ಕೊಮ್ಮೆ ಚೆಂಡು ಹೂವಿನ ಗಿಡ ಪರೀಕ್ಷೆ ಮಾಡ್ಬೇಕು. ಮೊಟ್ಟೆ ಒಂದೊಂದೇ ಇರತ್ತೆ, ಗುಂಡಗೆ, ಹಳದಿ ಮಿಶ್ರ ಬಿಳಿ, ಸಾಸಿವೆಗಿಂತ ಸಣ್ಣದು, ಮೂರು ನಾಲ್ಕು ದಿನಕ್ಕೇ ಒಡೆದು ಮರಿ ಆಗತ್ತೆ. ಹೂವಿನ ಒಳಗೆ ಹೊಕ್ಕೊಂಡು ದಳದ ಬುಡ ತಿಂತಾ ಕೂತಿರೋ ಹುಳಾನೂ ಸಿಗತ್ತೆ. ಅರಳಿದ ಹೂವೆಲ್ಲಾ ಕಿತ್ತುಬಿಡಿ, ಹುಳ ಇರೋದನ್ನ ಸೋಪು ನೀರಿನ ಬಕೆಟ್‌ಗೆ ಹಾಕಿ, ಚೆನ್ನಾಗಿರೋದು ದೇವರಿಗೆ, ದಸರಾ ದೀಪಾವಳಿ ಸಮಯ ಆದ್ರೆ ಬಾಗಿಲ ತೋರಣಕ್ಕೆ. ಹೊಸ ಮೊಗ್ಗು ಬರ್ತಾನೇ ಇರತ್ತೆ, ಬಲೆ ಖಾಲಿ ಆಗಲ್ಲ. ಹೊಲದಲ್ಲಿ ಹಾಕೋರಿಗೆ ಆ ಹೂವು ಮಾರ್ಕೆಟ್‌ಗೂ ಹೋಗತ್ತೆ, ಟೊಮೆಟೊ ರೇಟು ಬಿದ್ದ ವಾರ ಅದೇ ಕೈ ಹಿಡಿಯೋದೂ ಉಂಟು.

ಬೇಸಿಗೇಲಿ ಒಂದು ಎಚ್ಚರ. ಮಾರ್ಚ್ ಏಪ್ರಿಲ್ ಒಣ ಬಿಸಿಲಲ್ಲಿ ಚೆಂಡು ಹೂವಿಗೆ ಕೆಂಪು ನುಸಿ ಬೇಗ ಹತ್ತತ್ತೆ, ಎಲೆ ಮೇಲೆಲ್ಲಾ ಸಣ್ಣ ಹಳದಿ ಚುಕ್ಕೆ, ಆಮೇಲೆ ಧೂಳು ಬಿದ್ದ ಹಾಗೆ, ಕೊನೆಗೆ ಜೇಡರ ಬಲೆ ಥರ ಸಣ್ಣ ಬಲೆ. ಅಲ್ಲಿಂದ ಬೆಂಡೆಗೆ, ಬೀನ್ಸಿಗೆ, ಬದನೆಗೆ ಹೋಗೋದು ಎಷ್ಟೊತ್ತಿನ ಕೆಲಸ. ವಾರಕ್ಕೆರಡು ಸಲ ಬೆಳಿಗ್ಗೆ ಪೈಪಲ್ಲಿ ಎಲೆ ಅಡಿಗೆ ಜೋರಾಗಿ ನೀರು ಹೊಡೀರಿ, ಬಲೆ ಕಟ್ಟೋ ಹಂತಕ್ಕೆ ಹೋದ ಗಿಡನ ಕನಿಕರ ಪಡದೆ ಕಿತ್ತು ಹಾಕಿ.

3. ಎಲೆಕೋಸು, ಹೂಕೋಸಿಗೆ ಸಾಸಿವೆ

ಇದೂ ಐಐಎಚ್‌ಆರ್ ಪದ್ಧತೀನೇ, ಮಾಲೂರು, ಚಿಕ್ಕಬಳ್ಳಾಪುರ ಕಡೆ ಕೋಸು ಬೆಳೆಯೋರಲ್ಲಿ ಕೆಲವರಿಗೆ ಗೊತ್ತಿರತ್ತೆ. 25 ಸಾಲು ಕೋಸಿಗೆ ಎರಡು ಸಾಲು ಸಾಸಿವೆ, ಎರಡೂ ಒಂದೇ ಸಲ ಅಲ್ಲ. ಮೊದಲನೇ ಸಾಲು ಕೋಸು ನಾಟಿ ಮಾಡೋ 15 ದಿನ ಮುಂಚೆ, ಎರಡನೇ ಸಾಲು ನಾಟಿ ಆದ 25 ದಿನಕ್ಕೆ. ಯಾಕಂದ್ರೆ ಒಂದು ಸಾಸಿವೆ ಬಲಿತು ಒಣಗೋ ಹೊತ್ತಿಗೆ ಇನ್ನೊಂದು ಎಳೇದಾಗಿ ರೆಡಿ ಇರ್ಬೇಕು, ಪತಂಗಕ್ಕೆ ಬಲಿತ ಎಲೆ ಬೇಡ. ದಪ್ಪ ಕಾಳಿನ ಸಾಸಿವೆ ತಗೊಳ್ಳಿ, ಅಡುಗೆ ಮನೆ ಡಬ್ಬೀಲಿರೋ ಸಾಸಿವೇನೂ ಮೊಳೆಯತ್ತೆ, ಹಿತ್ತಲಿಗೆ ಅದೇ ಸಾಕು.

ಡೈಮಂಡ್ ಬ್ಯಾಕ್ ಮಾತ್ ಸಾಸಿವೇಲಿ ಮೊಟ್ಟೆ ಇಡತ್ತೆ, ಕೋಸಿನ ಹೇನೂ ಮೊದ್ಲು ಸಾಸಿವೆಗೇ ಬರತ್ತೆ. ವಾರಕ್ಕೊಂದು ಸಲ ಸಾಸಿವೆ ಎಲೆ ನೋಡಿ, ಹುಳ ತುಂಬಿರೋ ಎಲೆ ಕಿತ್ತು ಸೋಪು ನೀರಿಗೆ, ತುಂಬಾ ಆದ್ರೆ ಸಾಸಿವೆಗೆ ಮಾತ್ರ ಬೇವಿನ ಬೀಜದ ಕಷಾಯ. ಎರಡನೇ ಸಾಲಿನ ಸಾಸಿವೇಲಿ ಸ್ವಲ್ಪ ಗಿಡ ಹೂವಿಗೆ ಬಿಡಿ, ಮುಂದೆ ಹೇಳೋ ಒಳ್ಳೇ ಹುಳಗಳಿಗೆ ಆ ಹಳದಿ ಹೂವು ಬೇಕು.

ಮೆಣಸಿನಕಾಯಿಗೆ ಹೂವಿಗಿಂತ ಮುಸುಕಿನ ಜೋಳ ವಾಸಿ. ಸುತ್ತ ಎರಡು ಸಾಲು, ಮೆಣಸಿನ ಪೈರು ನೆಡೋ ಎರಡು ಮೂರು ವಾರ ಮುಂಚೇನೇ ಹಾಕಿದ್ರೆ, ಹಾರಿ ಬರೋ ಹೇನು, ಬಿಳಿ ನೊಣಕ್ಕೆ ಅಡ್ಡ ಗೋಡೆ ಆಗತ್ತೆ, ಅವು ತರೋ ವೈರಸ್ ಸ್ವಲ್ಪ ತಪ್ಪತ್ತೆ, ಜೋಳದ ಪರಾಗ ತಿನ್ನೋಕೆ ಗುಲಗಂಜಿ ಹುಳಾನೂ (ಹೇನು ತಿನ್ನೋ ಲೇಡಿಬರ್ಡ್) ಬರತ್ತೆ. ಕಡಲೆಕಾಯಿ ಹೊಲದ ಸುತ್ತ ಹರಳು ಹಾಕೋದೂ ಇದೇ ಲೆಕ್ಕ, ಎಲೆ ತಿನ್ನೋ ಸ್ಪೊಡಾಪ್ಟೆರಾ ಹುಳ ಹರಳಿನ ಅಗಲ ಎಲೇಲಿ ಗುಂಪಾಗಿ ಮೊಟ್ಟೆ ಇಡತ್ತೆ, ಮರಿಗಳು ಒಂದೇ ಎಲೇಲಿ ಇರೋವಾಗ್ಲೇ ಆ ಎಲೆ ಕಿತ್ರೆ ನೂರಾರು ಹುಳ ಒಟ್ಟಿಗೆ ಹೋಯ್ತು. ಮನೇಲಿ ಮಕ್ಕಳು, ದನ ಇದ್ರೆ ಹರಳು ಬೇಡ, ಬೀಜ ವಿಷ.

4. ಒಳ್ಳೇ ಹುಳಕ್ಕೆ ಊಟ: ಕೊತ್ತಂಬರಿ, ಸಬ್ಬಸಿಗೆ, ಹುಚ್ಚೆಳ್ಳು, ಕಾಮಕಸ್ತೂರಿ

ನನ್ನ ಕೇಳಿದ್ರೆ ಜಾಗ ಕಡಿಮೆ ಇರೋರು ಚೆಂಡು ಹೂವಿಗಿಂತ ಮೊದ್ಲು ಇದನ್ನೇ ಮಾಡ್ಬೇಕು, ಯಾಕಂದ್ರೆ ಇದರಲ್ಲಿ ದಿನಾ ಹುಳ ಹಿಡಿಯೋ ಕೆಲಸ ಇಲ್ಲ, ಹಿಡಿಯೋರು ಅವರೇ ಬರ್ತಾರೆ.

ಹೇನು ತಿನ್ನೋ ಹೂನೊಣ ಅಂತ ಇದೆ, ನೋಡೋಕೆ ಸಣ್ಣ ಜೇನಿನ ಹಾಗೆ, ಹಳದಿ ಕಪ್ಪು ಪಟ್ಟೆ, ಗಾಳೀಲಿ ಒಂದೇ ಕಡೆ ನಿಂತ ಹಾಗೆ ಹಾರತ್ತೆ, ಕಚ್ಚಲ್ಲ. ಅದರ ಮರಿ ಹೇನು ತಿನ್ನತ್ತೆ, ಆದ್ರೆ ದೊಡ್ಡದು ತಿನ್ನೋದು ಪರಾಗ, ಮಕರಂದ. ಪರಾಗ ಸಿಗಲಿಲ್ಲ ಅಂದ್ರೆ ಹೆಣ್ಣು ಮೊಟ್ಟೆ ಇಡೋಕಾಗಲ್ಲ. ಹುಳದ ಮೊಟ್ಟೆಯೊಳಗೆ, ಮೈಯೊಳಗೆ ತನ್ನ ಮೊಟ್ಟೆ ಇಡೋ ಸಣ್ಣ ಸಣ್ಣ ಪರಾವಲಂಬಿ ಕಣಜಗಳೂ ಅಷ್ಟೇ, ಅವುಗಳ ಬಾಯಿ ಎಷ್ಟು ಚಿಕ್ಕದು ಅಂದ್ರೆ ಆಳವಾದ ಹೂವಿನ ಮಕರಂದ ಎಟುಕಲ್ಲ. ಕೊತ್ತಂಬರಿ, ಸಬ್ಬಸಿಗೆ, ಸೋಂಪು ಇವುಗಳ ಹೂವು ಛತ್ರಿ ಥರ ಗೊಂಚಲು, ಒಂದೊಂದು ಹೂವೂ ಪುಟಾಣಿ, ಮಕರಂದ ಮೇಲೇ ಇರತ್ತೆ. ಅದಕ್ಕೇ ಇವು ಬೇಕು. ದಪ್ಪ ದಪ್ಪ ದಳ ತುಂಬಿರೋ ಡಬಲ್ ಹೂವು ಚಂದಕ್ಕೆ ಸರಿ, ಈ ಪುಟ್ಟ ಹುಳಗಳಿಗೆ ಅಲ್ಲೇನೂ ಸಿಗಲ್ಲ.

ಮಾಡೋದು ಹೀಗೆ. ಧನಿಯಾ ಕಾಳನ್ನ ಚಪ್ಪಲೀಲೋ ಲಟ್ಟಣಿಗೇಲೋ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ, ಮಡಿಯ ಅಂಚಲ್ಲಿ ಒಂದು ಗೇಣು ಅಗಲದ ಪಟ್ಟಿ ಬಿತ್ತಿ. ಹದಿನೈದು ದಿನ ಬಿಟ್ಟು ಅದರ ಮುಂದಕ್ಕೆ ಇನ್ನೊಂದು ಪಟ್ಟಿ, ಮತ್ತೆ ಹದಿನೈದು ದಿನಕ್ಕೆ ಮತ್ತೊಂದು. ಅಡುಗೆಗೆ ಬೇಕಾದಷ್ಟು ಕಿತ್ಕೊಳ್ಳಿ, ಆದ್ರೆ ಪ್ರತಿ ಪಟ್ಟೀಲೂ ಮೂರಲ್ಲೊಂದು ಪಾಲು ಮುಟ್ಬೇಡಿ, ಹೂವಿಗೆ ಬಿಡಿ. ಸುಮಾರು ಒಂದೂವರೆ ತಿಂಗಳಿಗೆ ಹೂ ಬಿಡತ್ತೆ, ಬಿಸಿಲು ಜಾಸ್ತಿ ಇದ್ರೆ ಇನ್ನೂ ಬೇಗ. ಹೀಗೆ ಮೂರು ಸಲ ಬಿತ್ತಿದ್ರೆ ಒಂದು ಬೆಳೆ ಮುಗಿಯೋವರೆಗೂ ಯಾವುದಾದ್ರೂ ಪಟ್ಟೀಲಿ ಹೂವು ಇದ್ದೇ ಇರತ್ತೆ. ಸಬ್ಬಸಿಗೆ ಕೊತ್ತಂಬರಿಗಿಂತ ಸ್ವಲ್ಪ ತಡ, ಹೂವು ಹಳದಿ, ಗಿಡ ಎತ್ತರ, ಅಲ್ಲೊಂದು ಇಲ್ಲೊಂದು ಬಿಟ್ರೆ ಸಾಕು.

ಮನೆಯವ್ರು "ಸೊಪ್ಪು ಬಲಿತೋಯ್ತು, ಕಿತ್ತಾಕ್ರೋ" ಅಂತಾರೆ, ಆಗ ತಡೆಯೋದೇ ಈ ಪದ್ಧತೀಲಿ ಕಷ್ಟದ ಭಾಗ.

ಹುಚ್ಚೆಳ್ಳು ಮುಂಗಾರಿಗೆ ಬೇಲಿ ಪಕ್ಕ ಎರಚಿ, ಯಾವ ಆರೈಕೇನೂ ಕೇಳಲ್ಲ, ಎರಡು ತಿಂಗಳ ಆಸುಪಾಸಲ್ಲಿ ಹಳದಿ ಹೂವು ತುಂಬ್ಕೊಳ್ಳತ್ತೆ. ಕಾಮಕಸ್ತೂರಿ ಒಂದೆರಡು ಗಿಡ ವರ್ಷ ಪೂರ್ತಿ ಹೂ ಬಿಡತ್ತೆ, ತುಡುವೆ ಜೇನು, ಮುಜಂಟಿ, ಕೋಲ್ಜೇನು ಎಲ್ಲಕ್ಕೂ ಪ್ರಿಯ. ಅದರ ಪಕ್ಕದಲ್ಲಿ ಸೌತೆ, ಹಾಗಲ ಬಳ್ಳಿ ಇದ್ರೆ ಪರಾಗಸ್ಪರ್ಶಕ್ಕೂ ಆಯ್ತು. ಸೂರ್ಯಕಾಂತಿ ಹಾಕೋದಿದ್ರೆ ಮಡಿಯ ಉತ್ತರ ದಿಕ್ಕಿಗೆ ಹಾಕಿ, ಹಿಂಗಾರಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರ್ತಾನೆ, ದಕ್ಷಿಣಕ್ಕೆ ಹಾಕಿದ್ರೆ ಟೊಮೆಟೊ ಎಲ್ಲಾ ನೆರಳಲ್ಲಿ.

ಅಲಸಂದೆ ಬಗ್ಗೆ ಒಂದು ಮಾತು. ಅದಕ್ಕೆ ಕರಿ ಹೇನು ಬಂದೇ ಬರತ್ತೆ, ನೋಡಿದ ತಕ್ಷಣ ಸ್ಪ್ರೇ ತಗೋಬೇಡಿ. ಒಂದು ವಾರ ಕಾದು ನೋಡಿ, ಗುಲಗಂಜಿ ಹುಳಗಳು ಅಲ್ಲೇ ಸಂಸಾರ ಹೂಡಿ, ಅಲ್ಲಿಂದ ಪಕ್ಕದ ಮಡಿಗೂ ಹೋಗ್ತಾವೆ. ಆ ಹೇನೇ ಅವುಗಳ ಬುತ್ತಿ.

5. ಯಾರನ್ನ ಕೊಲ್ಲಬಾರದು ಅಂತ ಕಲೀರಿ

ಇದು ಗೊತ್ತಿಲ್ದೆ ಮೇಲಿನದೆಲ್ಲಾ ಮಾಡೋದು ವ್ಯರ್ಥ, ಯಾಕಂದ್ರೆ ಕರೆಸ್ಕೊಂಡ ನೆಂಟರನ್ನ ನಾವೇ ಹೊಸಕಿ ಹಾಕ್ತೀವಿ.

ಗುಲಗಂಜಿ ಹುಳದ ಮರಿ ಗುಲಗಂಜಿ ಹುಳದ ಹಾಗಿರಲ್ಲ. ಉದ್ದಕ್ಕೆ, ಬೂದು ಕಪ್ಪು ಬಣ್ಣ, ಮೈ ಮೇಲೆ ಕಿತ್ತಳೆ ಚುಕ್ಕೆ, ಆರು ಕಾಲು, ಚುರುಕಾಗಿ ಓಡಾಡ್ತಿರತ್ತೆ. ಭಯಂಕರವಾಗಿ ಕಾಣತ್ತೆ ಅಂತ ಜನ ಮೊದ್ಲು ಅದನ್ನೇ ಸಾಯಿಸ್ತಾರೆ, ಹೇನು ಜಾಸ್ತಿ ತಿನ್ನೋದು ಮಾತ್ರ ಅದೇ.

ಹೇನಿನ ಗುಂಪಲ್ಲಿ ಕೆಲವು ಊದಿಕೊಂಡು ಕಂದು ಬಣ್ಣಕ್ಕೆ ತಿರುಗಿ ಅಲ್ಲಾಡದೆ ಕೂತಿದ್ರೆ ಅವುಗಳೊಳಗೆ ಕಣಜದ ಮರಿ ಇದೆ ಅಂತ. ಆ ಎಲೆ ಕೀಳ್ಬೇಡಿ. ಹಸಿರು ಹುಳದ ಪಕ್ಕ ಅಕ್ಕಿ ಕಾಳಿಗಿಂತ ಸಣ್ಣ ಬಿಳೀ ಅಥವಾ ಹಳದಿ ಗೂಡು ಗುಂಪಾಗಿದ್ರೂ ಅದೇ, ಆ ಹುಳದ ಆಯಸ್ಸು ಮುಗಿದಿದೆ, ಗೂಡಿಂದ ಹೊರಗೆ ಬರೋದು ನಮ್ಮ ಕಡೆಯವ್ರು.

ಹಿಟ್ಟು ತಿಗಣೆ ತಿನ್ನೋ ಕ್ರಿಪ್ಟೊಲೇಮಸ್ ಅಂತ ಒಂದು ಗುಲಗಂಜಿ ಜಾತಿ ಇದೆ, 1898ರಲ್ಲೇ ಆಸ್ಟ್ರೇಲಿಯಾದಿಂದ ಭಾರತಕ್ಕೆ ತಂದಿದ್ದು. ಅದರ ಮರಿ ಮೈ ತುಂಬಾ ಬಿಳೀ ಮೇಣದ ದಾರ, ಥೇಟ್ ದೊಡ್ಡ ಹಿಟ್ಟು ತಿಗಣೆ ಥರಾನೇ ಕಾಣತ್ತೆ. ಗುರುತು ಏನಂದ್ರೆ ತಿಗಣೆ ಇದ್ದಲ್ಲೇ ಅಂಟ್ಕೊಂಡು ಕೂತಿರತ್ತೆ, ಇದು ನಡೆದಾಡತ್ತೆ, ಗಾತ್ರಾನೂ ದೊಡ್ಡದು. ಪಪ್ಪಾಯಿ ಹಿಟ್ಟು ತಿಗಣೆ ನಮ್ಮಲ್ಲಿ ಊರೂರಿಗೆ ಹಬ್ಬಿದಾಗ, 2010ರಲ್ಲಿ ಬೆಂಗಳೂರಿನ ಕೀಟ ಸಂಸ್ಥೆ ಹೊರದೇಶದಿಂದ ತರಿಸಿದ ಸಾಸಿವೆಗಿಂತ ಸಣ್ಣ ಕಣಜ ಅದನ್ನ ಹತೋಟಿಗೆ ತಂತು. ಸಣ್ಣ ಹುಳ ಏನು ಮಾಡೀತು ಅನ್ನೋರಿಗೆ ಇಷ್ಟು ಸಾಕು.

ಇನ್ನು ಉಲ್ಟಾ ಕೇಸು. ಬದನೆ ಎಲೆ ಮೇಲೆ ಗುಲಗಂಜಿ ಹುಳದ ಥರಾನೇ ಒಂದು ಹುಳ, ಮಂಕು ಕಂದು ಬಣ್ಣ, ಹೊಳಪಿಲ್ಲ, ತುಂಬಾ ಚುಕ್ಕೆ, ಎಲೆ ನೋಡಿದ್ರೆ ಹಸಿರೆಲ್ಲಾ ಕೆರೆದು ಬರೀ ನರದ ಜಾಲ ಉಳಿದಿರತ್ತೆ. ಇದು ಎಪಿಲಾಕ್ನಾ, ಎಲೆ ತಿನ್ನೋದು. ಮರಿ ಹಳದಿ, ಮೈ ತುಂಬಾ ಮುಳ್ಳು. ಇದನ್ನ ಕೈಯಲ್ಲಿ ಆರಿಸಿ ಸೋಪು ನೀರಿಗೆ ಹಾಕಿ. ಮೊಟ್ಟೆ ಎರಡರದ್ದೂ ಹಳದಿ ಗುಂಪೇ, ಹೇನಿನ ಹತ್ರ ಇದ್ರೆ ಬಿಡಿ, ಹೇನಿಲ್ಲದ ಕೆರೆದ ಬದನೆ ಎಲೆ ಅಡೀಲಿ ಇದ್ರೆ ತೆಗೀರಿ.

ಇರುವೆ ವಿಷ್ಯ ಮರೀಬೇಡಿ. ಹೇನು, ಹಿಟ್ಟು ತಿಗಣೆ ಬಿಡೋ ಸಿಹಿ ಅಂಟಿಗೋಸ್ಕರ ಇರುವೆಗಳು ಅವುಗಳನ್ನ ಕಾವಲು ಕಾಯ್ತಾವೆ, ಗುಲಗಂಜಿ ಹುಳ ಬಂದ್ರೆ ಓಡಿಸ್ತಾವೆ. ಇರುವೆ ಓಡಾಟ ನಿಂತ್ರೆ ಅರ್ಧ ಕೆಲಸ ಆಯ್ತು. ಕುಂಡ ಆದ್ರೆ ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು, ಮರ ಬಳ್ಳಿ ಆದ್ರೆ ಕಾಂಡಕ್ಕೆ ಪ್ಲಾಸ್ಟಿಕ್ ಸುತ್ತಿ ಅದರ ಮೇಲೆ ಗ್ರೀಸ್.

6. ಬೇರು ಗಂಟು ಇದ್ರೆ ಒಂದು ಬೆಳೆ ಬಿಟ್ಟುಕೊಡಿ

ಚೆಂಡು ಹೂವಿನ ಬೇರಲ್ಲಿ ಟರ್ಥಿನೈಲ್ ಅನ್ನೋ ರಾಸಾಯನಿಕ ಇರತ್ತೆ, ಜಂತುಹುಳಕ್ಕೆ ಅದು ವಿಷ. ಆದ್ರೆ ಅದು ಕೆಲಸ ಮಾಡೋದು ಚೆಂಡು ಹೂವಿನ ಬೇರು ಇರೋ ಮಣ್ಣಲ್ಲಿ ಮಾತ್ರ, ಹಾಗಾಗಿ ಬದನೆ ಪಕ್ಕ ಎರಡು ಗಿಡ ನೆಟ್ಟು ಇಡೀ ಮಡಿ ಸರಿ ಹೋಗತ್ತೆ ಅಂತ ಕಾಯೋದು ಸುಮ್ನೆ. ಗಂಟು ಕಂಡ ಮಡಿ ಪೂರ್ತಿ ಚೆಂಡು ಹೂವನ್ನೇ ಒತ್ತಾಗಿ, ಗೇಣಿಗೊಂದು ಗಿಡದ ಹಾಗೆ ಹಾಕಿ, ಎರಡು ಮೂರು ತಿಂಗಳು ಬಿಡಿ, ಮಧ್ಯೆ ಕಳೆ ಬೆಳೆಯೋಕೆ ಬಿಡ್ಬೇಡಿ ಯಾಕಂದ್ರೆ ಜಂತುಹುಳ ಕಳೆ ಬೇರಲ್ಲೂ ಬದುಕ್ಕೊಂಡಿರತ್ತೆ. ಆಮೇಲೆ ಗಿಡ ಕೊಚ್ಚಿ ಅದೇ ಮಣ್ಣಿಗೆ ಸೇರಿಸಿ ತಿರುವಿ ಹಾಕಿ. ಈ ಕೆಲಸಕ್ಕೆ ಕುಳ್ಳ ಫ್ರೆಂಚ್ ಚೆಂಡು ಹೂವೂ ಆಗತ್ತೆ. ಅದಾದ್ಮೇಲೆ ಬರೋ ಟೊಮೆಟೊ, ಬೆಂಡೆ, ಸೌತೆಗೆ ಪರಿಣಾಮ ಗೊತ್ತಾಗತ್ತೆ, ಆದ್ರೆ ಜಂತುಹುಳ ಶಾಶ್ವತವಾಗಿ ಹೋಗಲ್ಲ, ಎರಡು ಮೂರು ಬೆಳೆಗೊಂದು ಸಲ ಹೀಗೆ ಮಾಡ್ತಿರ್ಬೇಕು.

7. ಈ ಹೂಗಳನ್ನ ದೂರ ಇಡಿ

ದಾಸವಾಳ ತರಕಾರಿ ಪಕ್ಕ ಬೇಡ. ಹಿಟ್ಟು ತಿಗಣೆಗೆ, ಬಿಳಿ ನೊಣಕ್ಕೆ ಅದು ತವರುಮನೆ, ಬೆಂಡೇನೂ ಅದೇ ಕುಟುಂಬದ ಗಿಡ, ಒಂದು ಕೊಂಬೆಯಿಂದ ಇನ್ನೊಂದಕ್ಕೆ ಸಲೀಸು. ಪೂಜೆಗೆ ಬೇಕು ಅಂದ್ರೆ ಮನೆ ಮುಂದೆ ಇರ್ಲಿ, ತರಕಾರಿ ಹಿಂದೆ.

ಸೇವಂತಿಗೆ ನೆಟ್ರೆ ಹುಳ ಸಾಯತ್ತೆ, ಪೈರೆಥ್ರಮ್ ಅನ್ನೋ ಕೀಟನಾಶಕ ಅದರಿಂದಾನೇ ಬರೋದು ಅಂತ ಒಂದು ನಂಬಿಕೆ ಓಡಾಡ್ತಿದೆ. ಪೈರೆಥ್ರಮ್ ಬರೋದು ಬೇರೆ ಜಾತಿ ಗಿಡದಿಂದ, ಅದೂ ಹೂವು ಒಣಗಿಸಿ ಸಾರ ತೆಗೆದ್ಮೇಲೆ. ನಾವು ಮುಡಿಯೋ ಸೇವಂತಿಗೆಗೆ ಸ್ವತಃ ಹೇನಿನ ಕಾಟ.

ಪಾರ್ಥೇನಿಯಂ, ನಮ್ಮ ಕಾಂಗ್ರೆಸ್ ಗಿಡ, ಹೂ ಬಿಡೋಕೆ ಮುಂಚೆ ಕಿತ್ತು ಹಾಕಿ, ಗ್ಲೌಸ್ ಹಾಕ್ಕೊಂಡು. ಥ್ರಿಪ್ಸ್ ಅನ್ನೋ ರಸ ಹೀರೋ ಪುಟ್ಟ ಹುಳ ಅಲ್ಲಿ ಬೆಳೀತಾವೆ, ಅದರ ಪರಾಗ ಮತ್ತೆ ಥ್ರಿಪ್ಸ್ ಸೇರಿ ವೈರಸ್ ರೋಗಾನೂ ಹರಡತ್ತೆ.

8. ಹೂವಿಂದ ಆಗದೇ ಇರೋ ಕೆಲಸ

ಬದನೆ ಕುಡಿ ಮತ್ತೆ ಕಾಯಿ ಕೊರಕಕ್ಕೆ ಯಾವ ಹೂವೂ ನೆರವಿಗೆ ಬರಲ್ಲ. ವಾರ ವಾರ ಬಾಡಿದ ಕುಡಿ ಅರ್ಧ ಗೇಣು ಕೆಳಗಿಂದ ಕತ್ತರಿಸಿ ಸುಡ್ಬೇಕು, ಹೆಣ್ಣು ಪತಂಗದ ವಾಸನೆಯಿಂದ ಗಂಡನ್ನ ಕರೆದು ಹಿಡಿಯೋ ಲಿಂಗಾಕರ್ಷಕ ಬಲೆ ಹಾಕ್ಬೇಕು. ಟೊಮೆಟೊ ಎಲೇಲಿ ಅಗಲ ಮಚ್ಚೆ ಮಾಡೋ ಟೂಟಾ, 2014ರಲ್ಲಿ ನಮ್ಮ ದೇಶಕ್ಕೆ ಬಂದ ಹುಳ, ಅದೂ ಚೆಂಡು ಹೂವಿಗೆ ಮರುಳಾಗಲ್ಲ, ಅದಕ್ಕೂ ಬಲೆ, ಮತ್ತೆ ಮಚ್ಚೆ ಇರೋ ಎಲೆ ಕೀಳೋದು. ಹಾಗಲ, ಹೀರೆ ಕೊಳೆಸೋ ಹಣ್ಣುನೊಣಕ್ಕೆ ತುಳಸಿ ನೆಡಿ ಅಂತಾರೆ, ತುಳಸೀಲಿರೋ ಮಿಥೈಲ್ ಯೂಜಿನಾಲ್ ಕರೆಯೋದು ಮಾವಿನ ನೊಣದ ಗಂಡನ್ನ, ಬಳ್ಳಿ ತರಕಾರಿ ನೊಣ ಬರೋದು ಕ್ಯೂ ಲ್ಯೂರ್ ಅನ್ನೋ ಬೇರೆ ವಾಸನೆಗೆ. ಮನೆ ಮಟ್ಟಿಗೆ ಎಳೇ ಕಾಯಿಗೇ ಪೇಪರ್ ಕವರ್ ಕಟ್ಟೋದು ಎಲ್ಲಕ್ಕಿಂತ ಸುಲಭ.

9. ಸ್ಪ್ರೇ ಮಾಡ್ಲೇಬೇಕು ಅಂದ್ರೆ

ಬೇವಿನ ಬೀಜದ ತಿರುಳು 50 ಗ್ರಾಂ ಕುಟ್ಟಿ ಬಟ್ಟೇಲಿ ಗಂಟು ಕಟ್ಟಿ ಒಂದು ಲೀಟರ್ ನೀರಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಹಿಂಡಿ ಸೋಸಿ, ಚೂರು ಸೋಪು ಕದಡಿ ಇಟ್ಕೊಂಡು ಅವತ್ತೇ ಸಂಜೆ ಬಳಸಿ, ಉಳಿದಿದ್ದು ನಾಳೆಗೆ ಇಡ್ಬೇಡಿ. ಸಂಜೆ ಜೇನು ಗೂಡಿಗೆ ಹೋದ್ಮೇಲೆ, ಹುಳ ಇರೋ ಗಿಡಕ್ಕೆ ಮಾತ್ರ, ಎಲೆ ಅಡಿಗೆ. ಹೂವಿನ ಪಟ್ಟಿಗೆ ಬೀಳ್ಬಾರ್ದು. ಸಾವಯವ ಅಂದ ಮಾತ್ರಕ್ಕೆ ಎಲ್ಲಾ ಹುಳಕ್ಕೂ ನಿರಪಾಯ ಅಂತಲ್ಲ, ಸೋಪು ನೀರು ಗುಲಗಂಜಿ ಮರಿ ಮೇಲೆ ಬಿದ್ರೆ ಅದೂ ಸಾಯತ್ತೆ.

ಟೆರೇಸ್ ಮೇಲೆ ಗ್ರೋ ಬ್ಯಾಗಲ್ಲಿ ಬೆಳೆಯೋರಿಗೆ ಒಂದು ಅನುಕೂಲ, ಬಲೆ ಗಿಡನ ಬೇಕಾದ ಕಡೆ ಎತ್ತಿಡ್ಬಹುದು. ಎಂಟು ಹತ್ತು ಟೊಮೆಟೊ ಬ್ಯಾಗಿಗೆ ಒಂದು ಚೆಂಡು ಹೂವಿನ ಬ್ಯಾಗು, ಒಂದು ಅಗಲ ತಟ್ಟೇಲಿ ಕೊತ್ತಂಬರಿ ಹೂವಿಗೆ ಬಿಟ್ಟಿದ್ದು, ಒಂದು ಕಾಮಕಸ್ತೂರಿ. ನುಸಿ ಹತ್ತಿದ್ರೆ ಆ ಬ್ಯಾಗನ್ನೇ ಮೂಲೆಗೆ ಒಯ್ದು ತೊಳೀರಿ. ಮೇಲ್ಗಡೆ ಮಹಡಿಗಳಲ್ಲಿ ಒಳ್ಳೇ ಹುಳ ಬರೋದು ನಿಧಾನ, ಒಂದೆರಡು ತಿಂಗಳು ಬಿಡದೆ ಹೂವಿದ್ರೆ ದಾರಿ ಹುಡುಕ್ಕೊಂಡು ಬರ್ತಾವೆ. ಕರಾವಳಿ, ಮಲೆನಾಡಿನವ್ರು ಜಡಿಮಳೇಲಿ ಚೆಂಡು ಹೂವು ಹಾಕಿದ್ರೆ ಕೊಳೆಯತ್ತೆ ಅಷ್ಟೇ, ಮಳೆ ಹಿಂದೆ ಸರಿದ್ಮೇಲೆ ಅಕ್ಟೋಬರ್ ನವೆಂಬರಲ್ಲಿ ಶುರು ಮಾಡಿ.

ಟೊಮೆಟೊ ಕೊಯ್ಲು ಮುಗಿದ ವಾರದಲ್ಲೇ ಬಲೆ ಗಿಡಗಳನ್ನೂ ಕಿತ್ತುಬಿಡಿ, ಒಣಗ್ತಾ ನಿಲ್ಲೋಕೆ ಬಿಡ್ಬೇಡಿ. ಕಾಯಿ ಕೊರಕ ಮಣ್ಣಿಗೆ ಇಳಿದು ಕೋಶ ಆಗಿರತ್ತೆ, ಹಾಗಾಗಿ ಮಡೀನ ಒಂದು ಗೇಣು ಆಳ ಅಗೆದು ಮಗುಚಿ ನಾಲ್ಕು ದಿನ ಬಿಸಿಲಿಗೆ ಬಿಡಿ, ಮೈನಾ, ಕಾಗೆ ಬಂದು ಹೆಕ್ಕೊಂಡು ಹೋಗ್ತಾವೆ. ಬೀಜಕ್ಕೆ ಅಂತ ನಾಟಿ ತಳಿಯ ಚೆಂಡು ಹೂವಿನ ಗಿಡದಲ್ಲಿ ನಾಲ್ಕು ಒಳ್ಳೇ ಹೂವು ಮೊದ್ಲೇ ಬಿಟ್ಕೊಂಡಿದ್ರೆ, ಗಿಡದಲ್ಲೇ ಕಂದು ಬಣ್ಣಕ್ಕೆ ಒಣಗಿದ್ಮೇಲೆ ಕಿತ್ತು, ನೆರಳಲ್ಲಿ ಇನ್ನೊಂದು ವಾರ ಒಣಗಿಸಿ, ಪೇಪರ್ ಕವರಿಗೆ ಹಾಕಿ ಮೇಲೆ ತಿಂಗಳು ಬರೆದಿಡಿ. ಹೈಬ್ರಿಡ್ ಆದ್ರೆ ಬೀಜ ಇಡ್ಬೇಡಿ, ಮುಂದಿನ ಸಲ ಯಾವ ಎತ್ತರ ಬರತ್ತೋ ಯಾವಾಗ ಹೂ ಬಿಡತ್ತೋ ಹೇಳೋಕಾಗಲ್ಲ, ಆ 40 ದಿನದ ಲೆಕ್ಕ ಕೆಡತ್ತೆ.